ಕಲೆಸುವುದೇ ಆಟ

ತಾಯಿ: ದೊಡ್ಡಮ್ಮ, ಅಂಗನವಾಡಿಯಲ್ಲೇ ಆಯಸ್ಸು ಸವೆಸಿದವರು ನೀವು. ನನಗೊಂದು ವಿಷಯ ಬಿಡಿಸಿ ಹೇಳಿ. ಮಗಳು ಮಲಗಿದ ಮೇಲೆ ಕೂತು ಅಕ್ಕಿಗೆ ಬಣ್ಣ ಹಚ್ಚಿ ಒಣಗಿಸ್ತೀನಿ. ತಟ್ಟೆಯಲ್ಲಿ ಚೆಂದಾಗಿ ಹರಡಿ, ಪಕ್ಕದಲ್ಲಿ ಪುಟ್ಟ ಚಮಚ, ಬಟ್ಟಲು ಎಲ್ಲ ಇಡ್ತೀನಿ. ಬೆಳಿಗ್ಗೆ ಬಂದು ಸ್ವಲ್ಪ ಕೈಯಾಡಿಸಿ ಎದ್ದು ಹೋಗ್ತಾಳೆ. ಅದೇ ನಾನು ಚಪಾತಿಗೆ ಹಿಟ್ಟು ಕಲೆಸೋಕೆ ನಿಂತರೆ ಸ್ಟೂಲ್ ಎಳ್ಕೊಂಡು ಬಂದು ಹತ್ತಿ ನಿಂತವಳು, ಕೊನೆ ಉಂಡೆ ಆಗೋವರೆಗೂ ಜಪ್ಪಯ್ಯ ಅಂದ್ರೂ ಇಳಿಯಲ್ಲ. ಯಾಕಿರಬಹುದು?

ದೊಡ್ಡಮ್ಮ: ಹೇಗೆ ಇಳೀತಾಳೆ ಹೇಳು? ಪುಡಿಯಾಗಿದ್ದಿದ್ದು ಅವಳ ಕಣ್ಣೆದುರಿಗೇ ಮುದ್ದೆ ಆಗ್ತಿದೆ. ನೀರು ಬಿದ್ದ ತಕ್ಷಣ ಬೆರಳಿಗೆಲ್ಲ ಮೆತ್ತಿಕೊಳ್ಳುತ್ತೆ, ಇನ್ನೊಂದಿಷ್ಟು ನಾದಿದರೆ ಅದೇ ಹಿಟ್ಟು ಕೈ ಬಿಡುತ್ತೆ. ಈಗಿದ್ದ ಹಾಗೆ ಇನ್ನೊಂದು ಗಳಿಗೆಗೆ ಇರಲ್ಲ. ನಿನ್ನ ಬಣ್ಣದ ಅಕ್ಕಿಗೆ ಆಗಬೇಕಾದ್ದೆಲ್ಲ ರಾತ್ರಿಯೇ ಆಗಿ ಮುಗಿದಿರುತ್ತೆ. ಅದ್ದಿದವಳು ನೀನು, ಕಲೆಸಿದವಳು ನೀನು, ಆರಹಾಕಿದವಳೂ ನೀನೇ. ಆಟದ ಸಾರವೆಲ್ಲ ನಿನ್ನ ಪಾಲಿಗೆ ಬಂತು, ಮಗುವಿಗೆ ಉಳಿದದ್ದು ಮುಗಿದ ಕೆಲಸ.

ತಾಯಿ: ಆದರೆ ಮುಟ್ಟಿ ನೋಡೋದು, ಮೂಸಿ ನೋಡೋದು, ಅದೇ ಮುಖ್ಯ ಅಂತಾರಲ್ಲ. ಇಂದ್ರಿಯಗಳಿಗೆ ಕೆಲಸ ಕೊಡಬೇಕು ಅಂತ.

ದೊಡ್ಡಮ್ಮ: ಕೊಡಲೇಬೇಕು. ಆದರೆ ಕೈಗೆ ಬರೀ ತಾಗಿದರೆ ಸಾಲದು, ತಾನು ಮಾಡಿದ್ದರಿಂದ ಏನೋ ಬದಲಾಯ್ತು ಅಂತ ಕೈಗೆ ಗೊತ್ತಾಗಬೇಕು. ಮೂರು ವರ್ಷದ ಮಗುವಿಗೆ ಅದಕ್ಕಿಂತ ದೊಡ್ಡ ಸಂತೋಷ ಇಲ್ಲ. ಹಿಟ್ಟಿಗೆ ನೀರು ಹೆಚ್ಚಾಯ್ತು, ಕೈಯೆಲ್ಲ ಅಂಟು. ಈಗೇನು ಮಾಡೋಣ ಅಂತ ಕೇಳು. ಡಬ್ಬಿ ಕಡೆ ಕೈ ತೋರಿಸ್ತಾಳೆ. ಅಷ್ಟರೊಳಗೆ ಅವಳು ಎಷ್ಟು ಯೋಚನೆ ಮಾಡಿರ್ತಾಳೆ ನೋಡು. ಅದಕ್ಕೇ ನಾನು ಹೇಳೋದು, ಆಟದ ಸಾಮಾನನ್ನ ಮನೆಯಲ್ಲಿ ಮಾಡೋದಾದರೆ ಮಗುವಿಗೋಸ್ಕರ ಮಾಡಬೇಡ, ಮಗುವಿನ ಜೊತೆ ಮಾಡು. ಅವಳು ನಿದ್ದೆ ಮಾಡೋವಾಗ ನೀನೂ ನಿದ್ದೆ ಮಾಡು.

ತಾಯಿ: ಹಾಗಾದರೆ ಮಕ್ಕಳು ಆಡೋಕೆ ಅಂತ ಉಪ್ಪಿನ ಹಿಟ್ಟು ಮಾಡ್ತಾರಲ್ಲ, ಅದನ್ನೇ ಅವಳ ಜೊತೆ ಮಾಡೋದು ಹೇಗೆ ಅಂತ ಹೇಳಿಕೊಡಿ. ಅದಕ್ಕೆ ಒಲೆ ಬೇಕಲ್ಲ.

ದೊಡ್ಡಮ್ಮ: ಒಲೆಯ ಭಾಗ ನಿನ್ನದು, ಉಳಿದದ್ದು ಅವಳದ್ದು. ಒಂದು ಲೋಟ ಮೈದಾ, ಅರ್ಧ ಲೋಟ ಪುಡಿ ಉಪ್ಪು, ಒಂದು ಲೋಟ ನೀರು, ಒಂದು ದೊಡ್ಡ ಚಮಚ ಎಣ್ಣೆ, ಎರಡು ಸಣ್ಣ ಚಮಚ ನಿಂಬೆರಸ. ಅಳೆಯೋದೆಲ್ಲ ಅವಳೇ ಅಳೀಲಿ. ಲೋಟದ ಬಾಯಿವರೆಗೆ ತುಂಬಿ, ಬೆರಳಲ್ಲಿ ಸವರಿ ಮಟ್ಟ ಮಾಡೋದು ತೋರಿಸು. ಹೊರಗೆ ಚೆಲ್ಲಿದರೆ ಚೆಲ್ಲಲಿ, ಕೆಳಗೆ ಹಳೇ ದುಪ್ಪಟಿ ಹಾಸಿರು. ಒಣ ಉಪ್ಪನ್ನ, ಒಣ ಹಿಟ್ಟನ್ನ ಬೇರೆ ಬೇರೆಯಾಗಿ ಮುಟ್ಟಿ ನೋಡಲಿ. ಒಂದು ತರಿತರಿ, ಇನ್ನೊಂದು ನುಣುಪು, ಬೆರಳ ಸಂದಿಯಿಂದ ಜಾರುತ್ತೆ. ಆಮೇಲೆ ಎಲ್ಲ ಸೇರಿಸಿ, ನೀರು ಹಾಕಿ ಗಂಟಿಲ್ಲದ ಹಾಗೆ ಕದಡಲಿ, ದೋಸೆ ಹಿಟ್ಟಿನಷ್ಟು ತೆಳ್ಳಗೆ ಬರುತ್ತೆ. ಇಷ್ಟಾದ ಮೇಲೆ ಅವಳನ್ನ ದೂರ ಕೂರಿಸಿ ನೀನು ಬಾಣಲೆ ಇಡು. ಉರಿ ಸಣ್ಣಗಿರಲಿ, ಮುದ್ದೆ ತೊಳಸೋ ಹಾಗೆ ಬಿಡದೆ ತಿರುವು. ಮೊದಲು ತಳದಲ್ಲಿ ಅಲ್ಲಲ್ಲಿ ಗಟ್ಟಿಯಾಗುತ್ತೆ, ಕೆಟ್ಟೇ ಹೋಯ್ತು ಅನ್ನಿಸುತ್ತೆ. ಕೈ ಬಿಡಬೇಡ. ನೋಡ್ತಾ ನೋಡ್ತಾ ಎಲ್ಲ ಒಟ್ಟಾಗಿ, ಬಾಣಲೆ ಬಿಟ್ಟು ಸೌಟಿಗೆ ಸುತ್ತಿಕೊಳ್ಳುತ್ತೆ. ಆಗ ಇಳಿಸು.

ತಾಯಿ: ಬೇಯಿಸಲೇಬೇಕಾ? ಸುಮ್ಮನೆ ಕಲೆಸಿದರೂ ಮುದ್ದೆ ಆಗುತ್ತಲ್ಲ.

ದೊಡ್ಡಮ್ಮ: ಆಗುತ್ತೆ, ಆದರೆ ಬೇಗ ಜಿಗುಟಾಗಿ ಕೂರುತ್ತೆ. ಬಿಸಿ ತಾಗಿದಾಗ ಹಿಟ್ಟಿನೊಳಗಿನ ಪಿಷ್ಟ ನೀರು ಕುಡಿದು ಉಬ್ಬುತ್ತೆ. ಕುಡಿದ ನೀರನ್ನ ಹಿಡಿದಿಟ್ಟುಕೊಳ್ಳೋದರಿಂದ ಹಿಟ್ಟು ದಿನಗಟ್ಟಲೆ ಮೆತ್ತಗಿರುತ್ತೆ. ಇನ್ನೊಂದು ಕಾರಣ, ಹಸಿ ಹಿಟ್ಟಿನಲ್ಲಿ ರೋಗಾಣು ಇರಬಹುದು. ಮಕ್ಕಳ ಕೈ ಬಾಯಿಗೆ ಹೋಗದೆ ಇರುತ್ತಾ? ಅದಕ್ಕೇ ಒಣ ಹಿಟ್ಟು ಅಳೆದ ಮೇಲೂ ಕೈ ತೊಳೆಸಬೇಕು. ಉಪ್ಪು ಇರೋದು ಬೂಸ್ಟು ಬರದಿರಲಿ ಅಂತ, ಎಣ್ಣೆ ಕೈಗೆ ಅಂಟದಿರಲಿ ಅಂತ, ನಿಂಬೆರಸ ಮುದ್ದೆ ಎಳೆದ ಹಾಗೆ ಬರಲಿ ಅಂತ. ಇಳಿಸಿ, ಕೈಗೆ ಬೆಚ್ಚಗೆ ಅನ್ನಿಸೋವಷ್ಟು ಆರಿದ ಮೇಲೆ ಅವಳ ಕೈಗೆ ಕೊಡು. ಆ ಬೆಚ್ಚಗಿನ ಉಂಡೆಯನ್ನ ಹಿಡಿದ ಮಗುವಿನ ಮುಖ ನೋಡು. ಬಹಳ ಮಕ್ಕಳು ಮೊದಲು ಅದನ್ನ ಕೆನ್ನೆಗೆ ಒತ್ತಿಕೊಳ್ತಾರೆ. ಅಂಗಡಿಯ ಡಬ್ಬಿಯಲ್ಲಿ ಆ ಬಿಸುಪು ಸಿಗಲ್ಲ ಕಣೇ.

ತಾಯಿ: ಅಂಗಡಿಯ ಡಬ್ಬಿ ಅಂದಿದ್ದಕ್ಕೆ ನೆನಪಾಯ್ತು. ಈಗ ಪ್ರಪಂಚಕ್ಕೆಲ್ಲ ಗೊತ್ತಿರೋ ಆ ಪ್ಲೇ-ಡೋ ಮೊದಲು ಆಟದ ಸಾಮಾನೇ ಆಗಿರಲಿಲ್ಲ. ಅಮೆರಿಕದ ಸಿನ್ಸಿನಾಟಿಯಲ್ಲಿ ಒಂದು ಸಾಬೂನು ಕಂಪನಿ ಅದನ್ನ ಗೋಡೆ ಒರೆಸೋಕೆ ಅಂತ ಮಾಡ್ತಿತ್ತು. ಕಲ್ಲಿದ್ದಲು ಒಲೆಗಳ ಮಸಿ ಗೋಡೆಯ ಬಣ್ಣದ ಕಾಗದದ ಮೇಲೆ ಕೂರ್ತಿತ್ತು, ಆ ಮುದ್ದೆಯನ್ನ ಒತ್ತಿ ಉರುಳಿಸಿದರೆ ಮಸಿ ಅಂಟಿಕೊಂಡು ಬರ್ತಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮನೆಗಳಿಂದ ಕಲ್ಲಿದ್ದಲು ಹೋಯ್ತು, ತೊಳೆಯೋ ಕಾಗದ ಬಂತು, ಮುದ್ದೆಗೆ ಗಿರಾಕಿ ಇಲ್ಲದ ಹಾಗಾಯ್ತು. ಆಗ ಆ ಕಂಪನಿಯವರ ನೆಂಟಳೇ ಒಬ್ಬಳು, ಕೇ ಜುಫಾಲ್ ಅಂತ, ಶಿಶುವಿಹಾರದ ಟೀಚರು, ಅದನ್ನ ತನ್ನ ಮಕ್ಕಳಿಗೆ ಕೊಟ್ಟು ನೋಡಿದಳು. 1956ರಲ್ಲಿ ಅದು ಆಟದ ಹಿಟ್ಟಾಗಿ ಅಂಗಡಿಗೆ ಬಂತು. ಹೆಸರು ಇಟ್ಟಿದ್ದೂ ಅವಳ ಮನೆಯಲ್ಲೇ.

ದೊಡ್ಡಮ್ಮ: ನೋಡಿದೆಯಾ! ಅಲ್ಲೂ ಕಂಡುಹಿಡಿದವಳು ಮಕ್ಕಳ ಜೊತೆ ಕೂರೋ ಹೆಂಗಸೇ. ಆದರೆ ಒಂದು ಮಾತು ಮರೀಬೇಡ. ಈ ಹಿಟ್ಟಿನಲ್ಲಿ ಉಪ್ಪು ತುಂಬ ಇದೆ. ನಾಲಿಗೆಗೆ ಒಂದು ಚೂರು ಇಟ್ಟರೆ ಉಗೀತಾರೆ, ಅಡ್ಡಿಯಿಲ್ಲ. ಉಂಡೆಗಟ್ಟಲೆ ನುಂಗಿದರೆ ಮೈಯಲ್ಲಿ ಉಪ್ಪಿನಂಶ ಏರಿ ಅಪಾಯ ಆಗುತ್ತೆ. ಮನೆಯಲ್ಲಿ ನಾಯಿ ಇದ್ದರಂತೂ ಎತ್ತರದಲ್ಲಿ ಇಡು, ನಾಯಿಗಳು ತಿಂದುಬಿಡ್ತಾವೆ. ಇನ್ನೂ ಎಲ್ಲವನ್ನೂ ಬಾಯಿಗೆ ಹಾಕೋ ಕೂಸಿಗೆ ಈ ಹಿಟ್ಟು ಬೇಡವೇ ಬೇಡ. ಅದಕ್ಕೆ ಉಪ್ಪಿಲ್ಲದ ರಾಗಿ ಅಂಬಲಿ ತಣ್ಣಗೆ ಮಾಡಿ ತಟ್ಟೆಗೆ ಹಾಕು, ಬಡೀಲಿ, ನೆಕ್ಕಲಿ.

ತಾಯಿ: ಮಳೆಗಾಲದಲ್ಲಿ ಈ ಹಿಟ್ಟು ನೀರು ಬಿಡುತ್ತೆ ಅಂತಾರೆ.

ದೊಡ್ಡಮ್ಮ: ಉಪ್ಪಿನ ಗುಣ ಅಲ್ವಾ, ಗಾಳಿಯಲ್ಲಿರೋ ತೇವ ಎಳ್ಕೊಳ್ಳುತ್ತೆ. ಒಂದು ಮುಷ್ಟಿ ಮೈದಾ ಹಾಕಿ ಮತ್ತೆ ನಾದು, ಬಿಗಿ ಮುಚ್ಚಳದ ಡಬ್ಬಿಯಲ್ಲಿಡು. ವಾಸನೆ ಬದಲಾಯ್ತು, ಚುಕ್ಕೆ ಕಂಡಿತು ಅಂದ್ರೆ ಬಿಸಾಡು. ಮತ್ತೆ ಮಾಡೋಕೆ ಏನು ಕಷ್ಟ? ಅವಳಿಗಂತೂ ಮತ್ತೆ ಮಾಡೋದೇ ಬೇಕಾಗಿರುತ್ತೆ. ಗೋಧಿ ಒಗ್ಗದ ಮಕ್ಕಳಿದ್ದರೆ ಮಾತ್ರ ಮೈದಾ ಬಿಟ್ಟು ಅಕ್ಕಿ ಹಿಟ್ಟಲ್ಲಿ ಮಾಡು. ಅಷ್ಟು ಎಳೆಯಾಗಿ ಬರಲ್ಲ, ಆದರೂ ಉಂಡೆ ಕಟ್ಟಬಹುದು.

ತಾಯಿ: ಬಣ್ಣಕ್ಕೆ? ಬೇಕರಿ ಬಣ್ಣ ಹಾಕೋಕೆ ನನಗೆ ಮನಸ್ಸಿಲ್ಲ.

ದೊಡ್ಡಮ್ಮ: ಬೇಳೆ ಡಬ್ಬಿಗಳ ಪಕ್ಕದಲ್ಲೇ ಬಣ್ಣ ಇದೆಯಲ್ಲ, ಅರಿಶಿನ. ಬೀಟ್‌ರೂಟ್ ಹಸಿಯಾಗಿರುವಾಗ ಏನು ಬಣ್ಣ, ಬೇಯಿಸಿದರೆ ಮಂಕಾಗುತ್ತೆ. ಅರಿಶಿನ ಹಾಗಲ್ಲ. ಇರು, ಅರಿಶಿನದ ಒಂದು ಆಟ ಹೇಳ್ತೀನಿ. ನಾನು ಮಕ್ಕಳಿಗೆ ತೋರಿಸಿದ್ದರಲ್ಲಿ ಇದನ್ನ ಮೀರಿಸಿದ್ದು ಇನ್ನೊಂದಿಲ್ಲ. ಒಂದು ಬಿಳೀ ಬಟ್ಟಲಲ್ಲಿ ಅರಿಶಿನ ಕದಡಿದ ನೀರು ಇಡು. ಒಂದು ಚಿಟಿಕೆ ಅಡುಗೆ ಸೋಡಾ ಅವಳ ಕೈಗೆ ಕೊಡು. ಅವಳೇ ಉದುರಿಸಲಿ.

ತಾಯಿ: ಕೆಂಪಾಗುತ್ತಾ?

ದೊಡ್ಡಮ್ಮ: ಸೋಡಾ ಬಿದ್ದ ಕಡೆಯಿಂದ ಕೇಸರಿ ಎದ್ದು, ಕಲಕಿದ ಹಾಗೆ ಕೆಂಪಿನ ಕಡೆಗೆ ತಿರುಗುತ್ತೆ. ಅರಿಶಿನದ ಬಣ್ಣ ಕ್ಷಾರ ಕಂಡರೆ ಕೆಂಪಾಗುತ್ತೆ, ಹುಳಿ ಕಂಡರೆ ಹಳದಿಗೆ ವಾಪಸ್ ಬರುತ್ತೆ. ಈಗ ನಿಂಬೆಹಣ್ಣು ಹಿಂಡೋಕೆ ಹೇಳು. ಬುಸ್ ಅಂತ ನೊರೆ ಉಕ್ಕಿ, ನೊರೆಯ ಕೆಳಗಿಂದ ಮತ್ತೆ ಹಳದಿ ಬರುತ್ತೆ. ಇದು ನಮ್ಮ ಮನೆಗೆ ಹೊಸದೇನಲ್ಲ. ಮದುವೆ ಮನೆಯಲ್ಲಿ ಆರತಿ ಎತ್ತೋ ಕೆಂಪು ನೀರು ಯಾವುದು? ಅರಿಶಿನಕ್ಕೆ ಸುಣ್ಣ. ಓಕುಳಿಯೂ ಅದೇ. ಮಕ್ಕಳ ಕೈಗೆ ಸುಣ್ಣ ಕೊಡೋ ಹಾಗಿಲ್ಲ, ಕಣ್ಣಿಗೆ ಬಿದ್ದರೆ ಸುಡುತ್ತೆ, ಅದಕ್ಕೆ ಸೋಡಾ. ಅಂಗಳದಲ್ಲಿ ಶಂಖಪುಷ್ಪ ಇದ್ದರೆ ಅದರ ಹೂವನ್ನ ಬಿಸಿನೀರಿಗೆ ಹಾಕಿ ಆರಿಸು. ನೀಲಿ ನೀರು ಬರುತ್ತೆ, ನಿಂಬೆ ಹಿಂಡಿದರೆ ನೇರಳೆ ಆಗುತ್ತೆ. ಹೀಗೆ ಬಂದ ಬಣ್ಣದ ನೀರಲ್ಲೇ ಹಿಟ್ಟು ಕಲೆಸಿದರೆ, ತನ್ನ ಹಿಟ್ಟಿಗೆ ಆ ಬಣ್ಣ ಎಲ್ಲಿಂದ ಬಂತು ಅಂತ ಅವಳಿಗೆ ಗೊತ್ತಿರುತ್ತೆ. ಹೂವು ಕಿತ್ತಿದ್ದೂ ಅವಳೇ ಆಗಿದ್ದರೆ ಇನ್ನೂ ಒಳ್ಳೇದು.

ತಾಯಿ: ಇದೆಲ್ಲ ಒಪ್ಪಿದೆ. ಒಂದು ವಿಷಯ ಮಾತ್ರ ನನಗೆ ಬಗೆಹರಿದಿಲ್ಲ. ಅಕ್ಕಿ, ಬೇಳೆ, ಮೈದಾ, ಎಲ್ಲ ತಿನ್ನೋ ಪದಾರ್ಥ. ನಮ್ಮತ್ತೆ ಅಕ್ಕಿಗೆ ಬಣ್ಣ ಹಚ್ಚಿದ್ದನ್ನ ನೋಡಿ ಒಂದು ಮಾತೂ ಆಡಲಿಲ್ಲ. ಕೆಳಗೆ ಬಿದ್ದಿದ್ದನ್ನ ಒಂದೊಂದೇ ಕಾಳು ಆರಿಸಿ ಎತ್ತಿಟ್ಟರು. ಅವರು ಬೈದಿದ್ದರೂ ನನಗೆ ಅಷ್ಟು ತಟ್ಟುತ್ತಿರಲಿಲ್ಲ.

ದೊಡ್ಡಮ್ಮ: ನಿಮ್ಮತ್ತೆ ಸರಿ. ನಾನು ಕೇಂದ್ರದಲ್ಲಿ ಅಕ್ಕಿಯನ್ನ ಆಟಕ್ಕೆ ಮುಟ್ಟಲೇ ಇಲ್ಲ. ಬೆಳಿಗ್ಗೆ ಏನೂ ತಿನ್ನದೆ ಬರೋ ಮಕ್ಕಳಿರ್ತಿದ್ದರು. ಒಳಗೆ ಬೇಯ್ತಿರೋ ಅನ್ನದ ವಾಸನೆಗೆ ಅವರ ಕಣ್ಣು ಬಾಗಿಲ ಕಡೆಗೇ ಇರ್ತಿತ್ತು. ಅವರ ಮುಂದೆ ಅಕ್ಕಿಗೆ ಬಣ್ಣ ಬಳಿದು, ತಗೊಳ್ಳಿ ಆಡಿ, ತಿನ್ನಬೇಡಿ ಅಂತ ಹೇಳೋಕೆ ನನ್ನಿಂದ ಆಗ್ತಿರಲಿಲ್ಲ.

ತಾಯಿ: ಆದರೆ ನಮ್ಮ ಮನೆಯಲ್ಲಿ ಹಸಿವಿಲ್ಲ. ಒಂದು ಪಾವು ಅಕ್ಕಿಯನ್ನ ತಿಂಗಳುಗಟ್ಟಲೆ ಡಬ್ಬಿಯಲ್ಲಿಟ್ಟು ಆಡ್ತಾಳೆ. ಪ್ಲಾಸ್ಟಿಕ್ ಆಟಿಕೆ ತಂದು ಬಿಸಾಡೋದಕ್ಕಿಂತ ಅದು ಮೇಲಲ್ವಾ?

ದೊಡ್ಡಮ್ಮ: ಹುಳು ಬಿದ್ದ ಅಕ್ಕಿ, ಮುಗ್ಗಿಲ್ಲದ ಹಳೇ ನುಚ್ಚು ಇದ್ದರೆ ಒಣಗಿಸಿ ಕೊಡು, ಬೇಡ ಅನ್ನಲ್ಲ. ಆದರೆ ನನಗೆ ಅದಕ್ಕಿಂತ ಒಳ್ಳೇ ದಾರಿ ಕಾಣುತ್ತೆ. ತಿನ್ನೋ ಪದಾರ್ಥದಲ್ಲಿ ಆಡಿದ್ದು ಕೊನೆಗೆ ಊಟಕ್ಕೇ ಬರಬೇಕು. ಅವರೆಕಾಯಿ ಕಾಲ ಬರಲಿ. ಕಾಯಿ ಸುಲಿಯೋಕೆ ಅವಳನ್ನ ಪಕ್ಕಕ್ಕೆ ಕೂರಿಸು. ಸೊಗಡು ಇರೋ ಕಾಯಿ ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತುತ್ತೆ, ಕೈ ತೊಳೆದರೂ ಆ ಘಮ ಹೋಗಲ್ಲ. ಕಾಳನ್ನ ರಾತ್ರಿ ನೆನೆಹಾಕು. ಬೆಳಿಗ್ಗೆ ಒಂದೊಂದೇ ಕಾಳನ್ನ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿದುಕೋದು ತೋರಿಸು. ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಚಂಗನೆ ಹಾರುತ್ತೆ. ಒಂದು ಹಾರಿ ಪಾತ್ರೆಗೆ ಬೀಳುತ್ತೆ, ಇನ್ನೊಂದು ಗೋಡೆಗೆ ಹೊಡೆಯುತ್ತೆ, ಮಗು ಕಿಲಕಿಲ ನಗುತ್ತೆ. ಪೆನ್ಸಿಲ್ ಹಿಡಿಯೋಕೆ ಬೇಕಾದ್ದು ಅದೇ ಎರಡು ಬೆರಳ ಬಲ. ಮಧ್ಯಾಹ್ನ ಹಿದುಕವರೆ ಸಾರು. ತಾನು ಹಿದುಕಿದ್ದು ಅಂತ ಎರಡು ತುತ್ತು ಜಾಸ್ತಿ ಉಣ್ತಾಳೆ. ನಿಮ್ಮತ್ತೆಯೂ ಪಕ್ಕದಲ್ಲಿ ಬಂದು ಕೂರ್ತಾರೆ ನೋಡು.

ತಾಯಿ: ಹುಣಸೆಹಣ್ಣು ಕಿವುಚೋದು, ಮೊಸರು ಕಡೆಯೋದು...

ದೊಡ್ಡಮ್ಮ: ಹೂಂ, ಕೆನೆ ಕಡೆದು ಬೆಣ್ಣೆ ತೇಲಿಸೋದು, ಮೊರದಲ್ಲಿ ರಾಗಿ ಕೇರೋದು, ಜರಡಿ ಹಿಡಿಯೋದು, ಚಕ್ಕುಲಿ ಒರಳು ಒತ್ತೋದು. ಒಂದು ಅಡುಗೆಮನೆಯೊಳಗೆ ಎಷ್ಟಿದೆ! ಇದಕ್ಕೆ ಬೇರೆ ಹೊತ್ತು ಹುಡುಕೋದೂ ಬೇಕಿಲ್ಲ, ಹೇಗೂ ಮಾಡಲೇಬೇಕಾದ ಕೆಲಸ. ಕೆಲಸ ನಿಧಾನ ಆಗುತ್ತೆ ಅನ್ನೋದು ನಿಜ. ಅದಕ್ಕೆ ನೀನೊಬ್ಬಳೇ ನಿಲ್ಲಬೇಡ, ಅಳಿಯಂದಿರೂ ನಿಲ್ಲಲಿ. ಭಾನುವಾರದ ಹಿಟ್ಟು ಅವರು ಕಲೆಸಲಿ. ಅಪ್ಪನ ಕೈಯ ಬಲವೇ ಬೇರೆ, ನಾದೋ ರೀತಿಯೇ ಬೇರೆ. ಮಗು ಅದನ್ನೂ ನೋಡಬೇಕು.

ತಾಯಿ: ಇವರಿಗೆ ಮಣ್ಣು ಕೊಟ್ಟರೆ ಸಾಕು. ಗದಗದ ಕಡೆಯವರಲ್ವಾ, ಮಣ್ಣೆತ್ತಿನ ಅಮಾವಾಸ್ಯೆ ಬಂತು ಅಂದ್ರೆ ಈಗಲೂ ಎತ್ತು ಮಾಡ್ತಾರೆ. ಚಿಕ್ಕಂದಿನಲ್ಲಿ ಊರ ಹುಡುಗರೆಲ್ಲ ಮಣ್ಣು ತಂದು, ಕಲ್ಲು ಆರಿಸಿ, ತುಳಿದು ಹದ ಮಾಡ್ತಿದ್ದರಂತೆ. ಎತ್ತಿನ ಕಾಲು ನಿಲ್ಲಬೇಕಾದರೆ ಮಣ್ಣಿನ ಹದ ಎಷ್ಟಿರಬೇಕು ಅಂತ ಈಗಲೂ ಬೆರಳಲ್ಲಿ ಒತ್ತಿ ಹೇಳ್ತಾರೆ.

ದೊಡ್ಡಮ್ಮ: ನೋಡು, ಅದಕ್ಕೆ ಒಂದು ಹಬ್ಬವನ್ನೇ ಇಟ್ಟಿದ್ದಾರೆ. ಮುಂಗಾರು ಬಿದ್ದು ಮಣ್ಣು ಹದವಾಗಿರೋ ಜ್ಯೇಷ್ಠದ ಅಮಾವಾಸ್ಯೆಗೆ, ಮಕ್ಕಳ ಕೈಗೆ ಮಣ್ಣು. ಅದಕ್ಕೆ ಸಮನಾದ್ದು ಇನ್ನೊಂದಿಲ್ಲ ಅಂತಲೇ ನಾನು ಹೇಳೋದು. ಹಿಟ್ಟು ಒತ್ತಿದ ಹಾಗೆ ಬಗ್ಗುತ್ತೆ, ಮಣ್ಣು ಸ್ವಲ್ಪ ಎದುರು ನಿಲ್ಲುತ್ತೆ. ಒಣಗಿದರೆ ಬಿರುಕು ಬಿಡುತ್ತೆ, ನೀರು ಹೆಚ್ಚಾದರೆ ಕುಸಿಯುತ್ತೆ. ಮಗು ಅದನ್ನ ಸಂಭಾಳಿಸೋದು ಕಲೀಬೇಕು.

ತಾಯಿ: ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮಣ್ಣು ಎಲ್ಲಿಂದ ತರಲಿ ದೊಡ್ಡಮ್ಮ? ನಿಮಗೇನು, ಟಿ. ನರಸೀಪುರದಲ್ಲಿ ಕಾವೇರಿ–ಕಪಿಲಾ ಸಂಗಮದ ಮರಳೇ ಇತ್ತು.

ದೊಡ್ಡಮ್ಮ: ಕುಂಬಾರರ ಹತ್ತಿರ ಕೇಳು. ನಿಮ್ಮಲ್ಲಿ ಪಾಟರಿ ಟೌನ್ ಇದೆಯಲ್ಲ, ಗಣಪತಿ ಮಾಡೋರು. ಹದ ಮಾಡಿದ ಜೇಡಿಮಣ್ಣನ್ನೇ ಕೇಳಿ ತಾ. ಒದ್ದೆ ಬಟ್ಟೆ ಸುತ್ತಿ ಡಬ್ಬಿಯಲ್ಲಿಟ್ಟರೆ ಬಹಳ ದಿನ ಇರುತ್ತೆ. ಮನೆ ಕಟ್ಟೋ ಕಡೆ ರಾಶಿ ಬಿದ್ದಿರೋ ಎಂ-ಸ್ಯಾಂಡ್ ಮಾತ್ರ ತರಬೇಡ. ಅದು ಕಲ್ಲು ಪುಡಿ ಮಾಡಿದ್ದು. ಅಂಚು ಚೂಪು, ದೂಳು ಜಾಸ್ತಿ, ಮಕ್ಕಳು ಉಸಿರಿಗೆ ಎಳ್ಕೊಂಡರೆ ಒಳ್ಳೇದಲ್ಲ. ಮರಳು ಸಿಕ್ಕರೆ ಜರಡಿ ಹಿಡಿದು, ತೊಳೆದು, ಬಿಸಿಲಲ್ಲಿ ಒಣಗಿಸಿ, ಮುಚ್ಚಿಡು. ತೆರೆದಿಟ್ಟರೆ ಬೆಕ್ಕು ಬರುತ್ತೆ. ಮಣ್ಣಾಟ ಆದ ಮೇಲೆ ಸೋಪು ಹಾಕಿ ಕೈ ತೊಳೆಸು, ಉಗುರು ಕತ್ತರಿಸಿರು.

ತಾಯಿ: ನಿಮಗೆ ಇದನ್ನೆಲ್ಲ ಯಾರು ಹೇಳಿಕೊಟ್ಟರು?

ದೊಡ್ಡಮ್ಮ: ತರಬೇತಿಯಲ್ಲಿ ತಾರಾಬಾಯಿ ಮೋಡಕ್ ಅವರ ವಿಷಯ ಹೇಳ್ತಿದ್ದರು. ಮಾಂಟೆಸ್ಸರಿ ಅಮ್ಮನವರು 1939ರಲ್ಲಿ ಮದರಾಸಿನ ಅಡ್ಯಾರ್‌ಗೆ ಬಂದು ಶಿಕ್ಷಕರಿಗೆ ಕಲಿಸಿದರು ಅನ್ನೋದೂ ಕೇಳಿದ್ದೆ. ಅವರ ಸಾಮಾನು ಬಹಳ ಸೊಗಸು, ನುಣುಪು ಮರ, ಅಳತೆ ತಪ್ಪದ ಕೆಲಸ. ಆದರೆ ಬಡ ಹಳ್ಳಿ ಅದನ್ನ ಎಲ್ಲಿಂದ ತರಬೇಕು? ತಾರಾಬಾಯಿಯವರು ಅನುತಾಯಿ ವಾಘ್ ಅವರ ಜೊತೆ ಸೇರಿ 1945ರಲ್ಲಿ ಆಗಿನ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಕೆಲಸ ಶುರು ಮಾಡಿದಾಗ, ಮಕ್ಕಳು ಇರೋ ಅಂಗಳಕ್ಕೇ ಶಾಲೆ ತಗೊಂಡು ಹೋದರು. ಬೀಜ, ಎಲೆ, ಕಪ್ಪೆಚಿಪ್ಪು, ಬೆಣಚುಕಲ್ಲು, ಅದೇ ಅವರ ಪಾಠದ ಸಾಮಾನು. ನನಗೆ ಅದು ಮನಸ್ಸಿಗೆ ನಾಟಿತು. 1975ರ ಅಕ್ಟೋಬರ್ 2ಕ್ಕೆ ಸರ್ಕಾರ ಈ ಅಂಗನವಾಡಿ ಯೋಜನೆ ಶುರು ಮಾಡಿದಾಗ ಕರ್ನಾಟಕದಲ್ಲಿ ಮೊದಲು ಬಂದಿದ್ದು ನಮ್ಮ ಟಿ. ನರಸೀಪುರಕ್ಕೇ. ನಾನು ಕೆಲಸಕ್ಕೆ ಸೇರಿದ್ದು ಆಮೇಲೆ. ಅಕ್ಕಪಕ್ಕದ ಟೈಲರ ಅಂಗಡಿಗಳಿಂದ ಚಿಂದಿ ತಂದು ಒಂದು ಚೀಲ ಹೊಲಿದೆ. ಒಳಗೆ ರೇಷ್ಮೆ ಚೂರು, ಗೋಣಿ ಚೂರು, ಉಣ್ಣೆ, ತೆಂಗಿನ ನಾರು. ಕಣ್ಣು ಮುಚ್ಚಿ ಕೈ ಹಾಕಿ, ಗೋಣಿ ತೆಗೆ ಅಂದ್ರೆ ಗೋಣಿಯನ್ನೇ ತೆಗೀಬೇಕು. ಬೆಂಕಿಪೊಟ್ಟಣಗಳಲ್ಲಿ ರಾಗಿ, ಹುರುಳಿ, ಹುಣಸೆಬೀಜ ತುಂಬಿ ಅಂಟಿಸಿ, ಅಲ್ಲಾಡಿಸಿ ಸದ್ದಿನಲ್ಲೇ ಕಂಡುಹಿಡಿಯೋ ಆಟ. ತುಂಬಿದ್ದೂ ಮಕ್ಕಳೇ.

ತಾಯಿ: ನಮ್ಮತ್ತೆ ಮನೆಯ ಅಳಗುಳಿಮಣೆಯಲ್ಲಿ ಗುಲಗಂಜಿ ಇದೆ. ಕೆಂಪು ಮೈಗೆ ಕಪ್ಪು ಚುಕ್ಕೆ. ಬಣ್ಣಕ್ಕೆ, ಎಣಿಸೋಕೆ ಅಂತ ಅದನ್ನ ಕೊಡೋಣ ಅಂದುಕೊಂಡಿದ್ದೆ.

ದೊಡ್ಡಮ್ಮ: ಬೇಡ! ಇವತ್ತೇ ಅದನ್ನ ಎತ್ತಿ ಬೀಗ ಹಾಕಿಡು. ಗುಲಗಂಜಿಯೊಳಗೆ ಅಬ್ರಿನ್ ಅನ್ನೋ ಘೋರ ವಿಷ ಇದೆ. ಮೇಲಿನ ಸಿಪ್ಪೆ ಗಟ್ಟಿ, ಹಾಗೇ ನುಂಗಿದರೆ ಎಷ್ಟೋ ಸಲ ಹಾಗೇ ಹೊರಗೆ ಹೋಗುತ್ತೆ. ಅಗಿದರೆ, ಅಥವಾ ಪೋಣಿಸೋಕೆ ತೂತು ಮಾಡಿದ್ದರೆ ಜೀವಕ್ಕೆ ಅಪಾಯ. ಹರಳು ಬೀಜವೂ ಅಷ್ಟೇ. ಹೂವು ಅಂತ ಕಣಗಿಲೆ, ಉಮ್ಮತ್ತಿ ಆಟದ ತಟ್ಟೆಗೆ ಹಾಕಬೇಡ, ಎರಡೂ ವಿಷ. ಹಸಿ ರಾಜ್ಮಾ ಕಾಳು ಚೆಂದ ಕಾಣುತ್ತೆ ಅಂತ ಕೊಡ್ತಾರೆ, ಬೇಯಿಸದೆ ತಿಂದರೆ ವಾಂತಿ ಭೇದಿ. ಮೂರು ತುಂಬದ ಮಗುವಿಗೆ ಯಾವ ಕಾಳೂ ಕೊಡಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಮೂಗಿಗೆ ತುರುಕಿಕೊಂಡ ಕಡಲೆ ಅಲ್ಲಿನ ತೇವಕ್ಕೆ ಊದಿಕೊಳ್ಳುತ್ತೆ. ಆಗ ಪಿನ್ನು, ಕಡ್ಡಿ ಹಾಕಿ ಕೀಳೋಕೆ ಹೋಗದೆ ಡಾಕ್ಟರ ಹತ್ತಿರ ಓಡಬೇಕು.

ತಾಯಿ: ಹಾಗೇ ಊದೋದು ಇನ್ನೊಂದಿದೆ. ಅಂಗಡಿಯಲ್ಲಿ ಬಣ್ಣಬಣ್ಣದ ಜೆಲ್ ಮಣಿ ಸಿಗುತ್ತೆ. ಸಾಸಿವೆಯಷ್ಟಿರೋದು ನೀರಲ್ಲಿ ಗೋಲಿಯಷ್ಟಾಗುತ್ತೆ. ಮಕ್ಕಳಿಗೆ ಅದರ ಮೇಲೆ ಪ್ರಾಣ. ಮಗು ನುಂಗಿಬಿಟ್ಟರೆ ಹೊಟ್ಟೆಯೊಳಗೂ ಹಾಗೇ ಊದಿ ಕರುಳು ಕಟ್ಟುತ್ತೆ, ಎಕ್ಸ್‌ರೇಯಲ್ಲೂ ಸುಲಭವಾಗಿ ಕಾಣಲ್ಲ. ಅಮೆರಿಕದಲ್ಲಿ ಸರ್ಕಾರದವರೇ ಎಚ್ಚರಿಕೆ ಕೊಟ್ಟಿದ್ದಾರೆ. ನಾನಂತೂ ತರಲ್ಲ.

ದೊಡ್ಡಮ್ಮ: ತರಬೇಡ. ಅದೇ ಜಾರೋ ಸುಖ ಬೇಕಾದರೆ ಕಾಮಕಸ್ತೂರಿ ಬೀಜ ಇದೆ. ನೀರಿಗೆ ಹಾಕಿದ ಸ್ವಲ್ಪ ಹೊತ್ತಿಗೇ ಪ್ರತಿ ಕರೀ ಬೀಜದ ಸುತ್ತ ಬಿಳೀ ಲೋಳೆ ಕಟ್ಟುತ್ತೆ. ಒಣ ಬೀಜ ಕೈಗೆ ಸಿಗದ ಹಾಗೆ ನೀನೇ ನೆನೆಸು, ಚೆನ್ನಾಗಿ ಊದಿದ ಮೇಲೆ ಕೊಡು. ಬಾಯಿಗೆ ಹೋದರೂ ಪಾನಕದಲ್ಲಿ ಕುಡಿಯೋದೇ ಅಲ್ವಾ. ಆ ಎಳೆಯೋ ಸ್ಲೈಮ್ ಅಂತ ಏನೋ ಮಾಡ್ತಾರಂತಲ್ಲ, ಬೋರಾಕ್ಸ್ ಹಾಕಿ, ಅದೂ ಬೇಡ.

ತಾಯಿ: ಅದರ ಬದಲು ಮೆಕ್ಕೆಜೋಳದ ಪಿಷ್ಟ, ಅದೇ ಕಾರ್ನ್‌ಫ್ಲೋರ್. ಅದು ನನಗೆ ಗೊತ್ತು. ಎರಡು ಬಟ್ಟಲು ಪಿಷ್ಟಕ್ಕೆ ಸುಮಾರು ಒಂದು ಬಟ್ಟಲು ನೀರು. ಮೆಲ್ಲಗೆ ಬೆರಳು ಇಳಿಸಿದರೆ ಹಾಲಿನ ಹಾಗೆ ದಾರಿ ಬಿಡುತ್ತೆ, ಗುದ್ದಿದರೆ ಗಟ್ಟಿಯಾಗಿ ತಡೆಯುತ್ತೆ. ಮುಷ್ಟಿಯಲ್ಲಿ ಹಿಸುಕಿದಾಗ ಉಂಡೆ, ಕೈ ಬಿಚ್ಚಿದರೆ ಬೆರಳ ಸಂದಿಯಿಂದ ಇಳಿದು ಹೋಗುತ್ತೆ. ಪಿಷ್ಟದ ಕಣಗಳಿಗೆ ಹೊತ್ತು ಕೊಟ್ಟರೆ ಸರಿದು ಜಾಗ ಬಿಡ್ತಾವೆ, ಒಮ್ಮೆಲೇ ಒತ್ತಿದರೆ ಒಂದಕ್ಕೊಂದು ಒತ್ತಿ ನಿಂತುಬಿಡ್ತಾವೆ. ನಾನೇ ಅದರಲ್ಲಿ ಕೈಯಿಟ್ಟರೆ ತೆಗೆಯೋಕೆ ಮನಸ್ಸು ಬರಲ್ಲ. ಆಟ ಮುಗಿದ ಮೇಲೆ ಸಿಂಕಿಗೆ ಸುರಿಯೋ ಹಾಗಿಲ್ಲ, ತಳದಲ್ಲಿ ಕೂತು ಕಟ್ಟುತ್ತೆ. ಒಣಗಿಸಿ ಕೆರೆದು ಹಾಕಬೇಕು.

ದೊಡ್ಡಮ್ಮ: ಅವಳ ಜೊತೆ ಕೂತು ನೀನೂ ಕೈ ಹಾಕಿದೆಯಲ್ಲ, ಅದು ಚೆನ್ನಾಯ್ತು. ಪಕ್ಕದಲ್ಲಿ ದೊಡ್ಡವರ ಕೈಯೂ ಕೊಳೆ ಆಗಿದೆ ಅಂದ್ರೆ ಮಗುವಿಗೆ ಧೈರ್ಯ. ಆದರೆ ಬಾಯಿ ತುಂಬ ಪ್ರಶ್ನೆ ಕೇಳಬೇಡ. ಇದು ಯಾವ ಬಣ್ಣ, ಇದು ಎಷ್ಟು, ಅಂತ ಪರೀಕ್ಷೆ ಮಾಡಿದರೆ ಕೈ ನಿಂತುಹೋಗುತ್ತೆ. ನಿನಗೆ ಅನ್ನಿಸಿದ್ದನ್ನ ಹೇಳು. ಅಬ್ಬಾ ತಣ್ಣಗಿದೆ, ಜಿಗುಟಾಯ್ತು, ಲೋಳೆಲೋಳೆ ಅಂತ. ಅವಳಿಗೆ ಬೇಕಾದರೆ ಅದೇ ಮಾತನ್ನ ತಗೊಳ್ತಾಳೆ.

ತಾಯಿ: ನನ್ನ ಗೆಳತಿಯ ಮಗ ಒಬ್ಬನಿದ್ದಾನೆ. ಅಂಟು ಅಂದ್ರೆ ಸಾಕು, ಕೈ ಹಿಂದಕ್ಕೆ ಎಳ್ಕೊಂಡು ಅಳ್ತಾನೆ. ಅವಳು ಬಲವಂತವಾಗಿ ಕೈ ಹಿಡಿದು ಅದ್ದೋಣ್ವಾ ಅಂತ ಕೇಳ್ತಿದ್ದಳು.

ದೊಡ್ಡಮ್ಮ: ಖಂಡಿತ ಕೂಡದು. ಅಂಥ ಮಕ್ಕಳನ್ನ ಬಹಳ ನೋಡಿದ್ದೀನಿ. ಚಮಚ ಕೊಡಬೇಕು, ಕಡ್ಡಿ ಕೊಡಬೇಕು. ಹಿಟ್ಟನ್ನ ಗಟ್ಟಿ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಭದ್ರ ಮಾಡಿ, ಮೇಲಿಂದ ಒತ್ತಲಿ ಅನ್ನಬೇಕು. ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟಿದ್ದೀನಿ, ಯಾವಾಗ ಬೇಕಾದರೂ ಒರೆಸಿಕೋ ಅಂತ ಹೇಳಿದರೆ ಅರ್ಧ ಹೆದರಿಕೆ ಹೋಗುತ್ತೆ. ಮೊದಲು ಒಣದ್ದು, ಆಮೇಲೆ ತೇವದ್ದು, ಕೊನೆಗೆ ಅಂಟಿನದ್ದು. ತಿಂಗಳು ಹಿಡಿಯಲಿ. ಆದರೆ ಬಟ್ಟೆ ತಾಗಿದರೂ, ಊಟ ಕಲೆಸಿದರೂ, ತಲೆಗೆ ನೀರು ಬಿದ್ದರೂ ಅಳೋ ಮಗುವಾದರೆ ಮಕ್ಕಳ ಡಾಕ್ಟರಿಗೆ ತೋರಿಸೋಕೆ ಹೇಳು. ಅದಕ್ಕೆ ಆಕ್ಯುಪೇಷನಲ್ ಥೆರಪಿ ಅಂತ ಇದೆ, ಬೇಗ ಹೋದಷ್ಟು ಒಳ್ಳೇದು. ಮಗು ಹಟಮಾರಿ ಅಂತ ಬೈದು ಕೂರಿಸೋದು ಅನ್ಯಾಯ.

ತಾಯಿ: ಹೇಳ್ತೀನಿ. ಈ ಶನಿವಾರ ಹಿಟ್ಟು ಮಾಡ್ತೀವಿ, ಅವಳೇ ಅಳೀತಾಳೆ. ಜಾಸ್ತಿ ಆದರೆ ಏನು ಮಾಡಲಿ?

ದೊಡ್ಡಮ್ಮ: ಜಾಸ್ತಿಯೇ ಮಾಡು. ನಿಮ್ಮ ಬೀದಿಯ ಕೊನೆಯಲ್ಲೂ ಒಂದು ಅಂಗನವಾಡಿ ಇದ್ದೇ ಇರುತ್ತೆ, ಹುಡುಕು. ಆ ಟೀಚರಿಗೆ ಅಡುಗೆ, ತೂಕ, ರಿಜಿಸ್ಟರು, ಸಮೀಕ್ಷೆ ಅಂತ ಹತ್ತು ಕೆಲಸ ಇರುತ್ತೆ. ಆಟದ ಹಿಟ್ಟು ಕಾಯಿಸ್ತಾ ನಿಲ್ಲೋಕೆ ಹೊತ್ತೆಲ್ಲಿ? ಒಂದು ಡಬ್ಬಿ ಹಿಟ್ಟು, ಚಿಂದಿ ಚೀಲ, ಎರಡು ಹಳೇ ಜರಡಿ, ಒಂದು ಮೊರ ತಗೊಂಡು ಮಗಳನ್ನೂ ಕರ್ಕೊಂಡು ಹೋಗು. ಒಪ್ಪಿದರೆ ಅಲ್ಲೇ ಕೂತು ಆ ಮಕ್ಕಳ ಜೊತೆ ಇನ್ನೊಂದು ಮುದ್ದೆ ಕಲೆಸಿ ಬಾ. ಹಿಟ್ಟಲ್ಲಿ ಉಪ್ಪು ಜಾಸ್ತಿ ಇದೆ, ತಿನ್ನೋದಲ್ಲ ಅಂತ ಟೀಚರಿಗೂ ಆಯಮ್ಮನಿಗೂ ಬಾಯಿಬಿಟ್ಟು ಹೇಳು, ಡಬ್ಬಿಯ ಮೇಲೂ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸು.